ಸ್ಯಾಂಪಲ್ ಹೆಂಗೈತೋ ಬಸ್ಸು ಹಂಗ

ಇದು ನಡೆದ ಕಥೆ. ನಡೆದದ್ದು ಸ್ವಲ್ಪ, ದಬ್ಬಿಸಿಕೊಂಡದ್ದೇ ಬಹಳ ಎನ್ನುವುದು ಬೇರೆ ಮಾತು. ಸುಳ್ಳೆನಿಸಿದರೆ ಬನಹಟ್ಟಿಯಿಂದ ಜಮಖಂಡಿಯವರೆಗೆ ರಸ್ತೆ ಬದಿಯಲ್ಲಿ ನಿಂತು ನೋಡಿದವರನ್ನು ಕೇಳಿರಿ. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಹೇಳಿದವರೆಲ್ಲ ತಮ್ಮದೇ ಖರೆ ಎಂದು ಆಣೆ ಮಾಡುತ್ತಾರೆ. ನಾವು ಆಣೆ ಮಾಡುವುದಿಲ್ಲ. ಖರೆ ಹೇಳುವವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಬನಹಟ್ಟಿಯ ನೀಲಕಂಠಪ್ಪ ಪವರ್‌ಲೂಮ್ ಮಾಲೀಕ. ಅವನು ನಗುವುದಿಲ್ಲ. ತನ್ನ ಮದುವೆಯ ಫೋಟೋದಲ್ಲೂ ಅವನು ರೇಷನ್ ಅಂಗಡಿಯ ಪಾಳಿಯಲ್ಲಿ ನಿಂತವನ ಹಾಗೆ ನಿಂತಿದ್ದಾನೆ. ಪಕ್ಕದಲ್ಲಿ ಹೆಂಡತಿ ದಾನಮ್ಮ, ಸಕ್ಕರೆ ಮುಗಿದಿದೆ ಎಂದು ಆಗಷ್ಟೇ ಕೇಳಿದವಳ ಹಾಗೆ. ನಗುವಿನ ಜಾಗದಲ್ಲಿ ದೇವರು ಅವನಿಗೊಂದು ಸಿದ್ಧಾಂತ ಕೊಟ್ಟಿದ್ದ: ಸ್ಯಾಂಪಲ್ ಹೆಂಗೈತೋ ಮಾಲು ಹಂಗ.

ನೇಕಾರಿಕೆಯಲ್ಲಿ ಸಾವುಕಾರ ಒಂದು ತುಂಡು ಸೀರೆ ಕಳಿಸುತ್ತಾನೆ, ಮಾಲು ಅದರ ಹಾಗೆಯೇ ಇಳಿಯಬೇಕು. ಉಳಿದವರಿಗೆ ಇದು ವ್ಯಾಪಾರ, ನೀಲಕಂಠಪ್ಪನಿಗೆ ಧರ್ಮ. ಒಮ್ಮೆ ಸೊಲ್ಲಾಪುರದ ಸಾವುಕಾರ ಕಳಿಸಿದ ತುಂಡಿನ ಅಂಚಿನ ಪಕ್ಕ ಚಹಾದ ಹನಿ ಬಿದ್ದಿತ್ತು. ನೀಲಕಂಠಪ್ಪ ಆ ಹನಿಯನ್ನೂ ನೇಯಿಸಿದ. ಗಂಟುಗಟ್ಟಲೆ ಸೀರೆ, ಪ್ರತಿಯೊಂದರ ಅಂಚಿನ ಪಕ್ಕವೂ ಕಂದು ಬಣ್ಣದ ಒಂದು ಬೊಟ್ಟು. ಸಾವುಕಾರ ಗಾಡಿ ಮಾಡಿಕೊಂಡು ಬಂದು ಕೂಗಾಡಿದ.

“ಅದು ಕಲಿ ಐತೋ ಮಾರಾಯಾ! ಚಹಾದ ಕಲಿ!”

“ಸ್ಯಾಂಪಲ್ಲಿನ್ಯಾಗ ಇತ್ತಲ್ರಿ.”

“ಸ್ಯಾಂಪಲ್ಲಿನ ಮ್ಯಾಲ ನೊಣ ಕುಂತಿದ್ರ? ಅದನ್ನೂ ನೇಯತಿದ್ದೇನು?”

ನೀಲಕಂಠಪ್ಪ ಸ್ಯಾಂಪಲ್ಲನ್ನು ಬೆಳಕಿಗೆ ಹಿಡಿದು ನೋಡಿ, “ಎಷ್ಟು ಹೊತ್ತು ಕುಂತಿತ್ರಿ?” ಎಂದ.

ಆ ಸೀರೆಗಳು ‘ಚಹಾ ಬೊಟ್ಟು’ ಎಂಬ ಹೆಸರಿನಲ್ಲಿ ದೀಪಾವಳಿಯೊಳಗೆ ಖಾಲಿಯಾದವು. ಮಾಡಿದ ತಪ್ಪಿನಿಂದ ಒಮ್ಮೆ ಲಾಭ ಕಂಡವನನ್ನು ತಿದ್ದುವ ಶಕ್ತಿ ಯಾವ ದೇವರಿಗೂ ಇಲ್ಲ.

ಈ ಧರ್ಮಾತ್ಮನ ಮಗ್ಗದ ಶೆಡ್ಡಿನ ಗೋಡೆಯ ಮೇಲೆ ಒಂದು ಹಳೆಯ ಫೋಟೋ ತೂಗುತ್ತಿತ್ತು. ಅದರಲ್ಲೊಂದು ಬಸ್ಸು. ಡ್ರೈವರನ ಪಕ್ಕದ ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿದವನೊಬ್ಬ ಕುಳಿತಿದ್ದಾನೆ. ಅವನ ಮುಖವನ್ನು ಹುಳ ತಿಂದು ಹಾಕಿದೆ. ಏನೋ ಕರುಣೆ ಬಂದು ಬಾಯಿಯೊಂದನ್ನು ಬಿಟ್ಟಿದೆ. ಆ ಬಾಯಿ ಬಾವಿಯಷ್ಟು ಅಗಲ ತೆರೆದು ನಗುತ್ತಿದೆ. ಬಸ್ಸಿನ ಹಿಂದೆ ನಾಲ್ವರು ಅದಕ್ಕೆ ಕೈ ಹಚ್ಚಿ ನಿಂತಿದ್ದಾರೆ. ಸೀಟಿನಲ್ಲಿರುವವನು ತನ್ನ ಅಜ್ಜ ಶಿದ್ರಾಮಪ್ಪ ಎಂದು ನೀಲಕಂಠಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆ ಕಾಲದಲ್ಲಿ ಮುಂದಿನ ಸೀಟು ದೇಸಾಯರಿಗೆ, ಮಾಮಲೇದಾರರಿಗೆ ಮೀಸಲು. ಅಲ್ಲಿ ಒಬ್ಬ ನೇಕಾರ ಕುಳಿತಿದ್ದನೆಂದರೆ ಅದು ಇಡೀ ಓಣಿಗೆ ಸಂದ ಮರ್ಯಾದೆ. ಓಣಿ ಆ ಮರ್ಯಾದೆಯನ್ನು ಕೇಳಿ ಕೇಳಿ ಬೇಸತ್ತಿತ್ತು.

ಒಂದು ದಿನ ಮುಧೋಳದ ನೂಲಿನ ವ್ಯಾಪಾರಿ ಅಪ್ಪಾಸಾಬ ಶೆಡ್ಡಿಗೆ ಬಂದು, ಚಹಾ ಕುಡಿದು, ತಲೆಯೆತ್ತಿ ಫೋಟೋ ನೋಡಿದ. ಅಪ್ಪಾಸಾಬ ಎಲ್ಲದಕ್ಕೂ ನಗುವವನು. ನೂಲಿನ ರೇಟು ಏರಿದ್ದನ್ನು ಹೇಳುವಾಗಲಂತೂ ಬಿದ್ದು ಬಿದ್ದು ನಗುವವನು.

“ಇದೇನ್ರಿ, ನಮ್ಮ ಅಜ್ಜನ ಫೋಟೋ ನಿಮ್ಮ ಗ್ವಾಡಿ ಮ್ಯಾಲ?”

ಮಗ್ಗಗಳು ನಿಂತವು. ನೇಕಾರರು ಕಿವಿ ಕೊಟ್ಟರು.

“ಸೀಟಿನ್ಯಾಂವ ನಮ್ಮ ಅಜ್ಜ ಅದಾನ್ರಿ,” ಎಂದ ನೀಲಕಂಠಪ್ಪ.

“ನಿಮ್ಮ ಅಜ್ಜ ಅಕಾ ಅಲ್ಲಿ ಅದಾನ ನೋಡ್ರಿ, ಹಿಂದ, ಮೂರನೇದಾಂವ. ದಬ್ಬಾಕತ್ತಾನ.”

“ದಬ್ಬಾಕತ್ತಿಲ್ರಿ. ಪ್ರೀತಿಲೆ ಕೈ ಇಟ್ಟಾರ.”

“ಪ್ರೀತಿಲೆ ಕೈ ಇಡಾಂವ ಧೋತರಾ ಎತ್ತಿ ಕಟ್ಟತಾನೇನ್ರಿ, ಹ್ಹೆ ಹ್ಹೆ! ಅದು ಇರ್ಲಿ. ಸೀಟಿನ್ಯಾಂವ ನಗಾಕತ್ತಾನ. ನಿಮ್ಮ ಮನಿತನದಾಗ ಒಬ್ಬರರ ನಕ್ಕಿದ್ದು ಬನಹಟ್ಟ್ಯಾಗ ಯಾರರ ನೋಡ್ಯಾರೇನ್ರಿ? ಕೇಳ್ರಿ ಬೇಕಾರ, ಇವರನ್ನಽ ಕೇಳ್ರಿ.”

ನೀಲಕಂಠಪ್ಪ ತನ್ನ ನೇಕಾರರ ಕಡೆ ನೋಡಿದ. ಅವನ ಅನ್ನ ಉಂಡ ನೇಕಾರರು ಒಬ್ಬೊಬ್ಬರಾಗಿ ಮಗ್ಗ ಶುರು ಮಾಡಿದರು.

ಅದೇ ಸುಮಾರಿಗೆ ಜಮಖಂಡಿಯಲ್ಲಿ ಹಳೆಯ ಗಾಡಿಗಳ ಪ್ರದರ್ಶನ ಏರ್ಪಾಡಾಗಿತ್ತು. ಅದರ ಅಧ್ಯಕ್ಷರು ಮಹಾಲಿಂಗಪ್ಪ ಮಾಸ್ತರರು. ಅವರಿಗೆ ಸೈಕಲ್ ಹೊಡೆಯಲೂ ಬರುವುದಿಲ್ಲ. ಅಧ್ಯಕ್ಷರಾಗಲು ಅದೇ ಅರ್ಹತೆಯಾಗಿತ್ತು, ಯಾಕೆಂದರೆ ಅವರ ಬಳಿ ಯಾವ ಗಾಡಿಯೂ ಇಲ್ಲವಾದ್ದರಿಂದ ಬಹುಮಾನ ಮನೆಗೆ ಒಯ್ಯುವ ಭಯವಿರಲಿಲ್ಲ. ಫೋಟೋ ಅಲ್ಲಿ ತೂಗಬೇಕು ಎಂಬುದರಲ್ಲಿ ನೀಲಕಂಠಪ್ಪನಿಗೂ ಅಪ್ಪಾಸಾಬನಿಗೂ ಒಂದೇ ಅಭಿಪ್ರಾಯ. ಅದರ ಕೆಳಗೆ ಯಾರ ಅಜ್ಜನ ಹೆಸರು ಎಂಬುದರಲ್ಲಿ ಎರಡು. ಮಾಸ್ತರರು ಇಬ್ಬರ ಮುಖವನ್ನೂ ನೋಡಿ, ಇಬ್ಬರೂ ದೇಣಿಗೆ ಕೊಟ್ಟವರೆಂಬುದನ್ನು ನೆನೆದು, ತೀರ್ಪು ಕೊಟ್ಟರು:

“ಈ ಬಸ್ಸು ಯಾರು ತರತಾರೋ, ಅವರ ಅಜ್ಜನ ಹೆಸರು ಬರೀತೇನಿ. ಮುಗೀತು.”

ಆ ಬಸ್ಸು ಎಂದೋ ಗುಜರಿಗೆ ಹೋಗಿರುತ್ತದೆ, ಎರಡೂ ಕಡೆ ಊಟ ಮಾಡಬಹುದು ಎಂಬುದು ಮಾಸ್ತರರ ಲೆಕ್ಕ.

ಬಸ್ಸು ಗುಜರಿಗೆ ಹೋಗಿರಲಿಲ್ಲ. ಚಿಕ್ಕಪಡಸಲಗಿಯ ಹತ್ತಿರ ಗಿರಮಲ್ಲಪ್ಪನೆಂಬವನ ಕಬ್ಬಿನ ಹೊಲದಲ್ಲಿ, ಗಾಲಿಯಿಲ್ಲದೆ, ಕಲ್ಲುಗಳ ಮೇಲೆ ಕುಳಿತಿತ್ತು. ಒಳಗೆ ಮೇವು, ಪೈಪು, ಹಳೆಯ ಪಂಪು. ಡ್ರೈವರನ ಸೀಟಿನಲ್ಲಿ ಒಂದು ನಾಯಿ.

“ಬಸ್ಸು ಒಯ್ಯಿರಿ, ಅಡ್ಡಿಲ್ಲ,” ಎಂದ ಗಿರಮಲ್ಲಪ್ಪ. “ಆದ್ರ ನಾಯಿ ಮರಿ ಹಾಕೇತಿ. ಮರಿ ಕಣ್ಣು ಬಿಟ್ಟು ಇಳದು ಅಡ್ಯಾಡೂತನ ಯಾರೂ ಮುಟ್ಟಂಗಿಲ್ಲ.”

“ನಾಯಿ ಬ್ಯಾರೆ ಕಡಿ ಮಲಗಸ್ರಿ,” ಎಂದ ಬಸ್ಸು ಹುಡುಕಿಕೊಂಡು ಬಂದ ನೀಲಕಂಠಪ್ಪ.

“ಬಾಣಂತಿನ ಮನಿ ಬಿಡಸಂತೀರೇನ್ರಿ? ಏನ್ ಮಂದ್ಯೋ ಏನೋ!”

ನೀಲಕಂಠಪ್ಪ ಕಾದ. ದಿನಾ ಬೆಳಿಗ್ಗೆ ಮೋಟರ್‌ಸೈಕಲ್ ಮೇಲೆ ಹೋಗಿ ಮರಿಗಳ ಕಣ್ಣು ನೋಡಿಕೊಂಡು ಬಂದ. ಕೊನೆಯ ಮರಿ ಕಣ್ಣು ಬಿಟ್ಟು ಮೊಟ್ಟಮೊದಲಿಗೆ ಕಂಡದ್ದು ನೀಲಕಂಠಪ್ಪನ ಮುಖವನ್ನು. ಕೂಡಲೇ ಮತ್ತೆ ಮುಚ್ಚಿಕೊಂಡಿತು ಎಂದು ಗಿರಮಲ್ಲಪ್ಪ ಹೇಳುತ್ತಾನೆ.

ಬಸ್ಸು ಟ್ರೇಲರಿನ ಮೇಲೆ ಬನಹಟ್ಟಿಗೆ ಬಂತು. ಅದಕ್ಕೆ ಜಾಗ ಮಾಡಲು ಎರಡು ಮಗ್ಗ ಹೊರಗೆ ಬಂದವು. ದಾನಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಏನ್ರಿ, ಇದು ಎಷ್ಟು ಸೀರಿ ನೇಯತೈತಿ ದಿನಕ್ಕ?”

ನೀಲಕಂಠಪ್ಪ ಗೋಡೆಯಿಂದ ಫೋಟೋ ಬಿಚ್ಚಿ ಬಸ್ಸಿನ ಮುಂದೆ ಹಿಡಿದುಕೊಂಡು ನಿಂತಿದ್ದ.

ಬಸ್ಸು ಬಂದ ಮೇಲೆ ಓಣಿಯ ಪ್ರತಿಯೊಬ್ಬನೂ ತಜ್ಞನಾದ. ಮೆಕ್ಯಾನಿಕ್ ಹೊಸ ಎಂಜಿನ್ ಕೂರಿಸೋಣ ಎಂದ. ಇನ್ನೊಬ್ಬ ಮೆತ್ತನೆಯ ಸೀಟು, ಮತ್ತೊಬ್ಬ ಮಿಣಮಿಣ ದೀಪ ಎಂದ. ನೀಲಕಂಠಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: “ಫೋಟೋದಾಗ ಐತೇನು?” ಫೋಟೋದಲ್ಲಿ ಇರುವುದು ಬಸ್ಸಿನಲ್ಲಿ ಇರಬೇಕು. ಇಲ್ಲದ್ದು ಇರಬಾರದು. ಫೋಟೋದಲ್ಲಿ ಒಂದು ದೀಪದ ಗಾಜು ಒಡೆದಿತ್ತು. ಹೊಸ ಗಾಜು ತರಿಸಿ, ಕೂರಿಸಿ, ಒಡೆಸಿದ. ಬಂಪರು ಎಡಕ್ಕೆ ಸೊಟ್ಟಗಿತ್ತು. ನೆಟ್ಟಗಿದ್ದ ಬಂಪರಿಗೆ ಮೆಕ್ಯಾನಿಕ್ಕನಿಂದ ಹೊಡೆಸಿದ. ಫೋಟೋ ಮಡಚಿದ ಕಡೆ ಬಿಳಿಯ ಗೆರೆ ಬಿದ್ದಿತ್ತು. ಪೇಂಟರನನ್ನು ಕರೆಸಿ ಬಾಗಿಲಿನ ಅಡ್ಡ ಬಿಳಿಯ ಗೆರೆ ಎಳೆಸಿದ. ಫೋಟೋದ ಮೇಲಿನ ಮೂಲೆ ಹರಿದಿತ್ತು. ಬಸ್ಸಿನ ಮೇಲಿನ ಮೂಲೆಯ ತಗಡನ್ನು ಕತ್ತರಿಸುವಾಗ ಮೆಕ್ಯಾನಿಕ್ಕನ ಕಣ್ಣಲ್ಲಿ ನೀರು ಬಂತು.

“ಯಜಮಾನ್ರ, ಇನ್ನೊಂದು ಮಗ್ಗಲಾ ಯಾವಾಗ ಮಾಡೂನ್ರಿ?” ಎಂದು ಆ ಬಡಪಾಯಿ ಕೇಳಿದ.

“ಯಾವ ಮಗ್ಗಲಾ?”

“ಆ ಕಡೀದ್ರಿ. ಇನ್ನೂ ಪೂರಾ ಜಂಗು ಹಿಡದೈತಲ್ರಿ.”

ನೀಲಕಂಠಪ್ಪ ಫೋಟೋ ಮುಂದೆ ಹಿಡಿದ. “ಇದರಾಗ ಆ ಮಗ್ಗಲಾ ಕಾಣತೈತೇನು?”

“ಇಲ್ರಿ.”

“ಮತ್ತ?”

ಹೀಗೆ ಬಸ್ಸು ಒಂದು ಬದಿಯಿಂದ ಮದುಮಗನಂತೆ, ಇನ್ನೊಂದು ಬದಿಯಿಂದ ಗಿರಮಲ್ಲಪ್ಪನ ಹೊಲದಂತೆ ಕಾಣತೊಡಗಿತು.

ದಾನಮ್ಮ ಮೆಕ್ಯಾನಿಕ್ಕುಗಳಿಗೆ ರೊಟ್ಟಿ ಬಡಿದೂ ಬಡಿದೂ ಸಾಕಾಗಿ, ಮಜ್ಜಿಗೆಯಲ್ಲಿ ಜಂಗಿನ ಪುಡಿ ಕಂಡ ದಿನ ತಮ್ಮ ಬಸವಕುಮಾರನಿಗೆ ಫೋನ್ ಹಚ್ಚಿದಳು.

“ತಮ್ಮಾ, ನಿಮ್ಮ ಮಾವ ಕೈ ಬಿಟ್ಟು ಹೋದ್ರೋ! ಹೆಂಗರ ಮಾಡಿ ಈ ಹುಚ್ಚು ಬಿಡಸಪಾ.”

ನಮ್ಮ ಕಡೆ ಅಕ್ಕನ ಗಂಡ ಮಾವ, ಹೆಂಡತಿಯ ತಮ್ಮ ಅಳಿಯ. ಬಸವಕುಮಾರ ಜಮಖಂಡಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಪಾಠಕ್ಕಿಂತ ಅವನ ಅಣಕು ಪ್ರಸಿದ್ಧ. ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ಕೀರ್ತಿ ಅವನದು. ಅಂದು ಪ್ರಿನ್ಸಿಪಾಲರೂ ಮನೆಗೆ ಹೋಗಿದ್ದರು. ಮಾವನಿಗೆ ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲ, ಮಾವನ ಧರ್ಮವನ್ನು ಮಾವನಿಗಿಂತ ಕಟ್ಟುನಿಟ್ಟಾಗಿ ಹೇಳಿದರೆ ತಾನೇ ಸೋತು ಕೈಬಿಡುತ್ತಾನೆ ಎಂದು ಅವನು ತರ್ಕಿಸಿದ. ಓದಿದವರ ತರ್ಕ! ಹೊಸ ಸಿಮ್ಮೊಂದನ್ನು ಹಾಕಿ, ಮೂಗು ಹಿಡಿದುಕೊಂಡು, ಪುಣೆಯ ಮರಾಠಿ ಸಾಹೇಬನ ಧ್ವನಿಯಲ್ಲಿ ಫೋನ್ ಮಾಡಿದ.

“ಹಲೋ, ನೀಲಕಂಠರಾವ್ ಕಾ? ಮೀ ಪುಣ್ಯಾಹೂನ ಪಾಟಣಕರ ಬೋಲತೋಯ್. ಅಖಿಲ ಭಾರತ ಪುರಾತನ ವಾಹನ ಪರೀಕ್ಷಾ ಮಂಡಳಿ. ಕನ್ನಡಾ ನನಗ ಥೋಡಾ ಥೋಡಾ ಬರತೇ. ಜಮಖಂಡೀ ಪ್ರದರ್ಶನಾಚಾ ಪರೀಕ್ಷಕ ನಾನಽ. ಬರೋಬರ್?”

ನೀಲಕಂಠಪ್ಪ ಎದ್ದು ನಿಂತ. “ಬರೋಬರ್ ಸಾಹೇಬರ!”

“ಬಸ್ಸಿಗೆ ಬಣ್ಣ ಕಾಯ್ ಹಚ್ಚಿದಿ?”

ಬಣ್ಣವೇ ಅಂದು ಓಣಿಯ ದೊಡ್ಡ ಜಗಳವಾಗಿತ್ತು. ಪಕ್ಕದ ಮನೆಯ ಮುದುಕಿ ಬನಶಂಕರವ್ವ ಬಸ್ಸು ಕುಂಕುಮದಂತಿತ್ತು ಎನ್ನುತ್ತಿದ್ದಳು. ಅವಳ ಗಂಡ ಹಸಿರು ಎನ್ನುತ್ತಿದ್ದ. ಇಬ್ಬರೂ ಆ ಕಾರಣಕ್ಕೆ ಮಾತು ಬಿಟ್ಟಿದ್ದರು. ನೀಲಕಂಠಪ್ಪ ಇದನ್ನೆಲ್ಲ ವರದಿ ಮಾಡಿದ.

“ಮುದುಕೀ ಕಾಯ್ ಸ್ಯಾಂಪಲ್ ಆಹೇ?” ಎಂದು ಪಾಟಣಕರ್ ಗುಡುಗಿದ. “ಫೋಟೋದಾಗ ಎಷ್ಟು ಬಣ್ಣ ಅದಾವ, ಅಷ್ಟಽ. ಜಾಸ್ತೀ ಒಂದ್ ಹಚ್ಚಿದಿ, ಫೇಲ. ಬರೋಬರ್?”

ಇಷ್ಟಕ್ಕೆ ಮಾವ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆಂದು ಬಸವಕುಮಾರ ಕಾದ. ವಾರದೊಳಗೆ ಬಸ್ಸು ಕಪ್ಪು, ಬಿಳಿ, ಬೂದಿ ಬಣ್ಣದಲ್ಲಿ ಸಿದ್ಧವಾಯಿತು. ನೋಡಲು ಬಂದ ಅವನು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಬಣ್ಣಬಣ್ಣದ ನೂಲಿನ ನಡುವೆ ಅದು ಸತ್ಯವಾಗಿಯೂ ಫೋಟೋದಿಂದ ಎದ್ದು ಬಂದಂತಿತ್ತು.

“ಹೆಂಗೈತಿ?” ಎಂದ ನೀಲಕಂಠಪ್ಪ.

“ಮಾವಾ... ಬೂದಿ ಬಣ್ಣದ ಬಸ್ಸು ಮಂದಿ ನೋಡಿದ್ರ ಏನಂದಾರು?”

“ಪಾಟಣಕರ್ ಸಾಹೇಬ್ರು ಪಾಸ್ ಮಾಡ್ತಾರ. ಮಂದಿಗೇನ್ ತಿಳೀತೈತಿ? ಪುಣೆಯಾಂವ ಅಂದ್ರ ಪುಣೆಯಾಂವಲೇ. ಖರೆ ಶ್ಯಾಣ್ಯಾ. ಒಂದ ಮಾತಿನ್ಯಾಗ ಜಗಳಾ ಹರದ. ನೀ ಕಾಲೇಜಿನ್ಯಾಗ ಏನ್ ಕಲಸ್ತೀ ಏನೋ.”

ಹೊಗಳಿಕೆ ತನಗೇ ಸಂದರೂ ಹೆಸರು ಬೇರೆಯವನಿಗೆ ಹೋಗುವುದನ್ನು ಯಾವ ಕಲಾವಿದನೂ ಸಹಿಸಲಾರ. ಅಡುಗೆಮನೆಯಲ್ಲಿ ದಾನಮ್ಮ ಬೇರೆ ತಮ್ಮನನ್ನು ಹಿಡಿದುಕೊಂಡಳು.

“ಹುಚ್ಚು ಬಿಡಸೋ ಅಂದ್ರ ಹುಚ್ಚಿಗೆ ಬಣ್ಣ ಹಚ್ಚಿಸೀಯಲ್ಲೋ ಭಾಡ್ಯಾ!”

“ತಡಿ ಅಕ್ಕಾ. ಈ ಸಲ ಬಸ್ಸು ಶೆಡ್ಡು ಬಿಟ್ಟು ಹೊರಗಽ ಬರಬಾರದು, ಹಂಗ ಮಾಡ್ತೇನಿ.”

ಮರುದಿನ ಪಾಟಣಕರ್ ಮತ್ತೆ ಫೋನಿಗೆ ಬಂದ.

“ನೀಲಕಂಠರಾವ್, ಫೋಟೋ ನೀಟ್ ನೋಡಿದಿ ಕಾ? ಹಿಂದ ಚಾರ ಮಂದಿ. ಕಾಯ್ ಮಾಡತಾರ?”

ನೀಲಕಂಠಪ್ಪ ಫೋಟೋದ ಕಡೆ ತಿರುಗಿದ. “ಪ್ರೀತಿಲೆ ಕೈ...”

“ದಬ್ಬತಾರ! ಬಸ್ಸು ದಬ್ಬಿದ್ರ ಚಾಲೂ. ಹಂಗಾರ ಬ್ಯಾಟ್ರೀ ಕಶಾಲಾ? ಬ್ಯಾಟ್ರೀ ಅಂದ್ರ ಫ್ರಾಡ. ಬ್ಯಾಟ್ರೀ ಕಾಢ, ತಗೀ. ಪ್ರದರ್ಶನಾಚಾ ದಿವಸ ಹಿಂದ ಮಂದಿ ಇರಬೇಕು, ದಬ್ಬಬೇಕು. ಮುಂದ ಸೀಟಿನ್ಯಾಗ ಒಬ್ಬ. ಬರೋಬರ್?”

ಗೆದ್ದೆ ಎಂದುಕೊಂಡ ಬಸವಕುಮಾರ. ಆಮೇಲೆ ಮಾವನ ಧ್ವನಿ ಬಂತು, ಬಸವಣ್ಣನ ಎದುರು ಕೈಮುಗಿದವನ ಧ್ವನಿಯಂತೆ ಮೆತ್ತಗೆ:

“ಸಾಹೇಬರ, ಸೀಟಿನ್ಯಾಗ ಕುಂದ್ರಾಂವ ಯಾರರ ಆಗ್ಲಿ ಅಂತೀರೋ, ಮೊಮ್ಮಗ ಆಗಬೇಕೋ?”

“ಮೊಮ್ಮಗ,” ಎಂದುಬಿಟ್ಟ ಪಾಟಣಕರ್, ಬೇರೇನೂ ತೋಚದೆ.

“ದಬ್ಬಾವ್ರು ಮನಿ ಮಂದಿ ಆದ್ರ ನಡೀತೈತೇನ್ರಿ?”

“ನಡೀತೇ,” ಎಂದ ಪಾಟಣಕರ್. ಈ ಒಂದು ಪದಕ್ಕಾಗಿ ಅವನು ಆಮೇಲೆ ಬಹಳ ಪಶ್ಚಾತ್ತಾಪಪಟ್ಟ.

ಪ್ರದರ್ಶನದ ದಿನ ಬೆಳಿಗ್ಗೆ ಬನಹಟ್ಟಿಯ ಅರ್ಧ ಊರು ಶೆಡ್ಡಿನ ಮುಂದೆ ನಿಂತಿತ್ತು. ನೀಲಕಂಠಪ್ಪ ಅಜ್ಜನ ಹಾಗೆ ರುಮಾಲು ಸುತ್ತಿ ಮುಂದಿನ ಸೀಟಿನಲ್ಲಿ ಕುಳಿತ. ಸ್ಟೇರಿಂಗಿನ ಹಿಂದೆ ಟ್ರ್ಯಾಕ್ಟರ್ ಡ್ರೈವರ್ ಮುತ್ತಪ್ಪ. ಗಿರಮಲ್ಲಪ್ಪ ಚಿಕ್ಕಪಡಸಲಗಿಯಿಂದ ಬಂದಿದ್ದ, ಮಗಳನ್ನು ಗಂಡನ ಮನೆಗೆ ಮುಟ್ಟಿಸಲು ಬಂದವನ ಗಾಂಭೀರ್ಯದಿಂದ. ಬಸವಕುಮಾರ ಗಮ್ಮತ್ತು ನೋಡಲು ಬಂದಿದ್ದ. ಇಸ್ತ್ರಿ ಅಂಗಿ, ಪಾಲಿಶ್ ಬೂಟು.

“ಬಾ ಅಳಿಯಾ, ಕೈ ಹಚ್ಚು,” ಎಂದ ನೀಲಕಂಠಪ್ಪ ಕಿಟಕಿಯಿಂದ. “ಮನಿ ಮಂದೀನಽ ಆಗಬೇಕಂತ, ಸಾಹೇಬ್ರು ಹೇಳ್ಯಾರ.”

ಮೆಕ್ಯಾನಿಕ್ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದ್ದ. ನೇಕಾರರೆಲ್ಲ ಸೇರಿ ದಬ್ಬಿದಾಗ ಎಂಜಿನ್ ಕೆಮ್ಮಿ, ಹೊಗೆ ಬಿಟ್ಟು, ಚಾಲೂ ಆಗಿಯೇ ಬಿಟ್ಟಿತು. ಜನ ಹೋ ಎಂದು ಕೂಗಿ ಹತ್ತಿಕೊಂಡರು. ಬಸ್ಸು ರಬಕವಿಯ ಕಡೆ ಹೊರಳಿತು. ಆದರೆ ನಮ್ಮ ಕಡೆ ರಸ್ತೆಗಿಂತ ಉಬ್ಬುಗಳೇ ಹೆಚ್ಚು. ಮಗ ಹುಟ್ಟಿದರೂ ಮನೆ ಮುಂದೆ ಒಂದು ಉಬ್ಬು ಹಾಕಿಸುವ ಮಂದಿ. ಪ್ರತಿ ಉಬ್ಬಿಗೂ ಮುತ್ತಪ್ಪ ನಿಧಾನ ಮಾಡುತ್ತಿದ್ದ, ಎಂಜಿನ್ ಸಾಯುತ್ತಿತ್ತು, ಎಲ್ಲರೂ ಇಳಿದು ದಬ್ಬುತ್ತಿದ್ದರು. ಮತ್ತು ಪ್ರತಿ ಉಬ್ಬಿನ ಹತ್ತಿರವೂ ಒಂದು ಚಹಾದಂಗಡಿ ಇರುತ್ತಿತ್ತು, ಪ್ರತಿ ಚಹಾದಂಗಡಿಯಲ್ಲೂ ನಾಲ್ಕಾರು ನೇಕಾರರು ಹಿಂದೆ ಉಳಿಯುತ್ತಿದ್ದರು. ರಸ್ತೆಯ ಎಡಗಡೆ ನಿಂತವರು “ಆಹಾ, ಎಂಥಾ ಬಸ್ಸು!” ಎನ್ನುತ್ತಿದ್ದರು, ಬಲಗಡೆ ನಿಂತವರು “ಅಯ್ಯಯ್ಯ, ಗುಜರಿಗೆ ಒಯ್ಯಾಕತ್ತಾರ” ಎನ್ನುತ್ತಿದ್ದರು. ಒಂದು ಹಳ್ಳಿಯಲ್ಲಿ ಎರಡೂ ಕಡೆಯವರು ಕೂಡಿ ಹೊಡೆದಾಡಿಕೊಂಡರೆಂದು ಸುದ್ದಿ.

ಜಮಖಂಡಿಯ ಏರು ಮುಗಿಯುವಲ್ಲಿ ಕೊನೆಯ ಉಬ್ಬು. ಎದುರಿಗೇ ಪ್ರದರ್ಶನದ ಮೈದಾನದ ಕಮಾನು, ಅದರ ಕೆಳಗೆ ಕುರ್ಚಿ ಹಾಕಿಕೊಂಡ ಮಾಸ್ತರರು, ಕ್ಯಾಮರಾ ಹಿಡಿದ ಫೋಟೋದವನು. ಬುತ್ತಿ ತೆಗೆದುಕೊಂಡು ಆಟೋದಲ್ಲಿ ಮುಂದೆ ಬಂದಿದ್ದ ದಾನಮ್ಮನೂ ಅಲ್ಲೇ ನಿಂತಿದ್ದಳು. ಬಸ್ಸು ಉಬ್ಬು ದಾಟಿ, ನಿಟ್ಟುಸಿರು ಬಿಟ್ಟು, ನಿಂತಿತು. ದಬ್ಬಲು ಉಳಿದವರು ಇಬ್ಬರೇ: ಗಿರಮಲ್ಲಪ್ಪ ಮತ್ತು ಬಸವಕುಮಾರ. ಇಸ್ತ್ರಿ ಅಂಗಿ ಈಗ ನೆಲ ಒರೆಸುವ ಅರಿವೆಯಂತಿತ್ತು.

ಹಿಂದೆ ಅಪ್ಪಾಸಾಬನ ಜೀಪು ಬಂದು ನಿಂತಿತು. ಫಳಫಳ ಹೊಳೆಯುವ, ಹೊಸದಕ್ಕಿಂತ ಹೊಸದಾದ ಹಳೆಯ ಜೀಪು; ಅದರ ಮಾಲೀಕನ ತಲೆಯ ಮೇಲೆ ಗಂಜಿ ಹಾಕಿದ ಬಿಳಿ ಟೊಪ್ಪಿಗೆ. ಅದರ ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎಲ್ಲರೂ ಹಾರ್ನ್ ಬಾರಿಸತೊಡಗಿದರು. ಪೋಲೀಸ್ ಹವಾಲ್ದಾರನೊಬ್ಬ ಓಡಿ ಬಂದು ಬಸ್ಸಿನ ಈ ಬದಿ ನೋಡಿದ, ಆ ಬದಿ ನೋಡಿದ.

“ಇವು ಎರಡು ಗಾಡಿ ಅದಾವೇನು? ಯಾರದಿದು? ಚಾಲೂ ಮಾಡ್ರಿ!”

“ಬ್ಯಾಟ್ರಿ ಇಲ್ರಿ,” ಎಂದ ಮುತ್ತಪ್ಪ.

ಅಪ್ಪಾಸಾಬ ಜೀಪಿನಿಂದ ಇಳಿದು ನಗುತ್ತ ಬಂದ. “ನಂದು ತಗೋರಿ, ನೀಲಕಂಠಪ್ಪಾರ. ಮುಧೋಳದ ಬ್ಯಾಟ್ರಿಲೆ ಬನಹಟ್ಟಿ ಬಸ್ಸು ಬಂತು ಅಂತ ಮಾಸ್ತರರ ಮುಂದ ನಾನಽ ಹೇಳ್ತೇನಿ, ಹ್ಹೆ ಹ್ಹೆ!”

ನೀಲಕಂಠಪ್ಪ ಮುಂದೆ ನೋಡುತ್ತಲೇ ಹೇಳಿದ: “ಸ್ಯಾಂಪಲ್ಲಿನ್ಯಾಗ ಬ್ಯಾಟ್ರಿ ಇಲ್ಲ.”

ಬಸವಕುಮಾರನ ತೋಳು ಸೋತಿದ್ದವು. ಅವನು ಬಸ್ಸಿನ ಬೆನ್ನಿಗೆ ಕುಕ್ಕರಿಸಿ, ಜೇಬಿನಿಂದ ಆ ಹೊಸ ಸಿಮ್ಮಿನ ಫೋನು ತೆಗೆದು, ಮೂಗು ಹಿಡಿದ. ಮುಂದೆ ನೀಲಕಂಠಪ್ಪನ ಫೋನು ಬಡಿದುಕೊಂಡಿತು.

ಗಾಜಿಲ್ಲದ ಹಿಂದಿನ ಕಿಟಕಿಯ ಮೂಲಕ ಮೊದಲು ಬಂತು: “ಹಲೋ, ನೀಲಕಂಠರಾವ್ ಕಾ?”

ಕಿವಿಯ ಹತ್ತಿರ ಹಿಡಿದ ಫೋನಿನಲ್ಲಿ ಆಮೇಲೆ ಬಂತು: “ಹಲೋ, ನೀಲಕಂಠರಾವ್ ಕಾ?”

ನೀಲಕಂಠಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದ. ಮತ್ತೆ ಹತ್ತಿರ ತಂದ.

“ಸಾಹೇಬರ, ಎಲ್ಲೀಂದ ಮಾತಾಡಾಕತ್ತೀರಿ?”

“ಪುಣೆ, ಪುಣೆ. ಬ್ಯಾಟ್ರೀಲಾ ಪರವಾನಗೀ ಕೊಟ್ಟೇನಿ. ಹಾಕ. ಲೌಕರ್, ಲಗೂ ಹಾಕ.” ಧ್ವನಿ ಏದುಸಿರು ಬಿಡುತ್ತಿತ್ತು. ಟ್ರ್ಯಾಕ್ಟರೊಂದು ಭೋಂ ಎಂದಿತು, ಹೊರಗೂ, ಫೋನಿನಲ್ಲೂ.

“ಪುಣೆದಾಗೂ ಕಬ್ಬಿನ ಟ್ರ್ಯಾಕ್ಟರ್ ಬಾಳ ಅದಾವಂತ ಕಾಣತೈತ್ರಿ.”

“ಆಹೇತ... ಭರಪೂರ ಆಹೇತ.”

ನೀಲಕಂಠಪ್ಪ ರುಮಾಲು ಬಿಚ್ಚಿದ. ಮತ್ತೆ ಸುತ್ತಿದ. ಮಡಿಲಲ್ಲಿದ್ದ ಹಳೆಯ ಫೋಟೋ ತೆಗೆದು ನೋಡಿದ. ಆಮೇಲೆ ಟ್ರ್ಯಾಕ್ಟರಿನವರಿಗೂ ಕೇಳುವಂತೆ ಜೋರಾಗಿ ಫೋನಿನಲ್ಲಿ ಹೇಳಿದ:

“ಸಾಹೇಬರ, ಒಂದು ಸಂಶೇ. ಸ್ಯಾಂಪಲ್ಲಿನ್ಯಾಗ ದಬ್ಬಾವ್ರಾಗ ಎರಡನೇದಾಂವ ಬರಿಗಾಲಿನ್ಯಾಗ ಅದಾನ. ನಮ್ಮ ಅಳಿಯ ಬೂಟು ಹಾಕ್ಯಾನ. ಏನ್ ಮಾಡೂದ್ರಿ?... ಹಾಂ? ಬಿಚ್ಚಸಬೇಕ್ರಿ? ಬರೋಬರ್ ಸಾಹೇಬರ, ಬರೋಬರ್!” ಫೋನಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಲೇ ಬಸವಕುಮಾರಾ! ಬೂಟು ಬಿಚ್ಚು. ಸಾಹೇಬ್ರ ಹುಕುಂ ಆಗೇತಿ. ಇಲ್ಲಂದ್ರ ನೀನಽ ಫೋನ್ ಹಚ್ಚಿ ಕೇಳು.”

ಹವಾಲ್ದಾರ, ಅಪ್ಪಾಸಾಬ, ಗಿರಮಲ್ಲಪ್ಪ ಮೂವರೂ ಬಸವಕುಮಾರನನ್ನು ನೋಡಿದರು. ಬಾಯಿಬಿಟ್ಟರೆ ಊರೆದುರು ಕಳ್ಳನಾಗಬೇಕು. ಕಾಲೇಜಿನ ಉಪನ್ಯಾಸಕ ರಸ್ತೆಯ ನಡುವೆ ಕುಳಿತು ಬೂಟು ಬಿಚ್ಚಿದ. ಡಾಂಬರು ಕಾದಿತ್ತು, ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತ ಬಸ್ಸಿಗೆ ಕೈ ಹಚ್ಚಿದ. ಗಿರಮಲ್ಲಪ್ಪ ಧೋತರ ಎತ್ತಿ ಕಟ್ಟಿದ.

ಹವಾಲ್ದಾರ ಅಪ್ಪಾಸಾಬನತ್ತ ತಿರುಗಿದ. “ನೀವ್ಯಾಕ ಹಲ್ಲು ಕಿಸದು ನಿಂತೀರಿ? ನಿಮ್ಮ ಜೀಪು ಒಳಗ ಹೋಗಬೇಕೋ ಬ್ಯಾಡೋ? ಹಚ್ರಿ ಕೈ!”

“ಸಾಹೇಬರ, ನಾ ಮುಧೋಳದಾಂವ್ರಿ...”

“ಮುಧೋಳದಾವ್ರಿಗೆ ಕೈ ಇರಂಗಿಲ್ಲೇನು?”

ಅಪ್ಪಾಸಾಬ ಕೈ ಹಚ್ಚಿದ. ಮೊದಲನೆಯ ದಬ್ಬಿಗೇ ಟೊಪ್ಪಿಗೆ ವಾರೆಯಾಯಿತು. ಇವರಿಂದ ಆಗದೆಂದು ಬೆಲ್ಟು ಸಡಿಲಿಸಿ ಹವಾಲ್ದಾರನೂ ಸೇರಿದ. ಬಸ್ಸು ಅಲುಗಿತು. ಕಮಾನು ಹತ್ತಿರವಾಯಿತು.

“ಮಾವಾ!” ಬಸವಕುಮಾರ ಕಿರುಚಿದ. “ಕಾಲು ಸುಡಾಕತ್ತಾವು! ನೀವರ ಇಳದು ದಬ್ಬರಿ!”

ರುಮಾಲಿನ ತಲೆ ಕಿಟಕಿಯಿಂದ ನಿಧಾನವಾಗಿ ಹೊರಗೆ ಬಂತು. ಎರಡು ಬೆರಳು ಮೂಗನ್ನು ಹಿಡಿದವು.

“ಸ್ಯಾಂಪಲ್‌ಮಧೇ ಸೀಟಿನ್ಯಾಂವ ಇಳೀತಾನ ಕಾ? ದಬ್ಬ, ಬಸವಕುಮಾರರಾವ್, ದಬ್ಬ. ಕನ್ನಡಾ ತಿಳೀತೇ ನಾ? ಥೋಡಾ ಥೋಡಾ? ಬರೋಬರ್?”

ಬಸವಕುಮಾರನ ಕೈ ಜಾರಿತು. ಅಷ್ಟರಲ್ಲಿ ಬಸ್ಸಿನ ಮುಂಭಾಗದಿಂದ ಗುರ್ರ್ ಎಂಬ ಸದ್ದು ಎದ್ದು, ಏರಿ, ತಗಡನ್ನೆಲ್ಲ ಗಡಗಡ ಅಲುಗಿಸಿತು. ಎಂಜಿನ್ ಹಿಡಿಯಿತೆಂದು ಮುತ್ತಪ್ಪ ಗೇರು ಹಾಕಿದ. ಎಂಜಿನ್ ಅಲ್ಲ. ನೀಲಕಂಠಪ್ಪ ನಗುತ್ತಿದ್ದ. ಇಷ್ಟು ವರ್ಷ ಕೂಡಿಟ್ಟ ನಗೆಯೆಲ್ಲ ಒಮ್ಮೆಗೇ ಹೊರಬಿದ್ದಿತ್ತು. ಬಾಯಿ ಬಾವಿಯಾಗಿತ್ತು. ಕಮಾನಿನ ಕೆಳಗಿದ್ದ ಫೋಟೋದವನು ಹೆದರಿ ಗುಂಡಿ ಒತ್ತಿದ.

ದಾನಮ್ಮನ ಕೈಯಿಂದ ಬುತ್ತಿ ಬಿತ್ತು. “ಯವ್ವಾ! ಇವ್ರಿಗೇನಾತ ಬೇ!” ಎಂದವಳು ಹತ್ತಿರ ಓಡಿ, ಗಂಡನ ಮಡಿಲಿನ ಫೋಟೋ ನೋಡಿ, ಗಂಡನನ್ನು ನೋಡಿ, ನಿಂತಳು. “ಮಾಸ್ತರರ, ಬರ್ರಿ ಇಲ್ಲಿ! ಅದಽ ಬಾಯಿ!”

ಮಾಸ್ತರರು ಫೋಟೋ ಇಸಿದುಕೊಂಡರು. ಸೀಟಿನ ಬಾಯಿಯನ್ನು ನೋಡಿದರು, ಕಿಟಕಿಯ ಬಾಯಿಯನ್ನು ನೋಡಿದರು. ಅದೇ ಅಗಲ, ಎಡಕ್ಕೆ ಅದೇ ಸೊಟ್ಟ. ಅಧ್ಯಕ್ಷರಾದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗುವುದಿಲ್ಲ. ಕೋರ್ಟಿನವರ ಮಾತು ಬೇರೆ.

“ಶಿದ್ರಾಮಪ್ಪ,” ಎಂದರು ಮಾಸ್ತರರು. “ಬರೀರಿ ಕೆಳಗ.”

“ಮಾಸ್ತರರ, ಬಾಯಿ ನೋಡಿ ಹೆಂಗ...” ಎಂದು ಅಪ್ಪಾಸಾಬ ಬಸ್ಸಿನ ಹಿಂದಿನಿಂದ ಎದ್ದ. ಅವನು ನಗುತ್ತಿರಲಿಲ್ಲ.

“ನೀವು ಅಲ್ಲೇ ನಿಂದ್ರಿ ಅಪ್ಪಾಸಾಬರ, ಟೊಪಗಿ ಸರಿ ಮಾಡ್ಕೋಬ್ಯಾಡ್ರಿ. ಇದರಾಗ ಮೊದಲನೇದಾಂವನ ಟೊಪಗೀನೂ ಹಿಂಗಽ ವಾರಿ ಐತಿ.”

ಮೊದಲು ಟ್ರ್ಯಾಕ್ಟರಿನವರು ನಕ್ಕರು. ಆಮೇಲೆ ಹವಾಲ್ದಾರ, ಗಿರಮಲ್ಲಪ್ಪ, ಕೊನೆಗೆ ಒಂದೊಂದೇ ಕಾಲೆತ್ತಿ ಕುಣಿಯುತ್ತಿದ್ದ ಬಸವಕುಮಾರನೂ ನಕ್ಕ. ಬೂದಿ ಬಣ್ಣದ, ಒಂದೇ ಮಗ್ಗುಲಿನ, ಮೂಲೆ ಹರಿದ ಆ ಬಸ್ಸನ್ನೂ, ಅದನ್ನು ಹಾಗೆ ಮಾಡಿಸಿಕೊಂಡ ಮಹಾನುಭಾವನನ್ನೂ ನೋಡಿ ಇಡೀ ಜಮಖಂಡಿ ನಕ್ಕಿತು.

“ಮಾವಾ, ನಿಮಗ ಸಿಟ್ಟು ಬರಲಿಲ್ಲೇನ್ರಿ?” ಎಂದು ಬಸವಕುಮಾರ ಕಿಟಕಿಯ ಕೆಳಗೆ ಬಂದು ಕೇಳಿದ.

“ಬಂದಿತ್ತಲೇ, ಬಾಳ ಬಂದಿತ್ತು,” ಎಂದು ನೀಲಕಂಠಪ್ಪ ಕಣ್ಣೊರೆಸಿಕೊಂಡ. “ಆದ್ರ ಸ್ಯಾಂಪಲ್ಲಿನ್ಯಾಗ...” ಎಂದು ಫೋಟೋದ ಬಾಯಿಯ ಮೇಲೆ ಬೆರಳಿಟ್ಟು ಮುಂದೆ ಹೇಳಲು ಹೋದ. ಆಗಲಿಲ್ಲ. ಮತ್ತೆ ಆ ಗುರ್ರ್ ಎದ್ದಿತು, ಉಳಿದವರ ನಗೆಯೆಲ್ಲ ಅದರೊಳಗೆ ಮುಳುಗಿಹೋಯಿತು. ಮುತ್ತಪ್ಪ ಈ ಸಲವೂ ಮೋಸ ಹೋಗಿ ಗೇರು ಹಾಕಿದ.